ಶಿರಸಿ ಸೀಮೆಯ ಹಳ್ಳಿಗಳಲ್ಲಿ ಮನೆಗಳು ಒಂದೆಡೆ ಇಲ್ಲದೆ ಗುಡ್ಡದ ಮಗ್ಗುಲಲ್ಲಿ ಚದುರಿರುವುದೇಕೆ?

ತೋಟ ಎಲ್ಲಿದೆಯೋ ಮನೆ ಅಲ್ಲಿ, ಅಷ್ಟೇ. ಅಡಿಕೆಗೆ ಬೇಸಿಗೆಯಲ್ಲೂ ತೇವ ಆರದ ಮಣ್ಣು ಬೇಕು. ಇಲ್ಲಿ ಅದು ಸಿಗುವುದು ಹೆಚ್ಚಾಗಿ ಗುಡ್ಡಗಳ ನಡುವಿನ ಇಕ್ಕಟ್ಟು ಕಣಿವೆಗಳಲ್ಲಿ. ಒಂದು ಕಣಿವೆ ಕೆಲವೇ ಕುಟುಂಬಗಳಿಗೆ ಸಾಲುತ್ತದೆ. ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿಸಿ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಸಾಮಾನ್ಯವಾಗಿ ಮೇಲೆ ಬೇಣ ಎಂಬ ಹುಲ್ಲುಗಾವಲು, ಅದರ ಕೆಳಗೆ ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟ, ಆಮೇಲೆ ಮನೆ, ಕೊಟ್ಟಿಗೆ, ಅಂಗಳ, ತಳದಲ್ಲಿ ತೋಟ. ಸೊಪ್ಪಿನ ಬೆಟ್ಟ ಸ್ವಂತ ಜಮೀನಲ್ಲ, ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ: ಎಕರೆ ತೋಟಕ್ಕೆ 9 ಎಕರೆವರೆಗೆ. (ಹೊರಗಿನವರು ಇದನ್ನು ಮಾಲ್ಕಿ ಎಂದುಕೊಂಡು ಮೋಸಹೋಗುತ್ತಾರೆ.) ಅಲ್ಲಿಯ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಬಿದ್ದು, ದನದ ಕಾಲಡಿ ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಹೊರೆ ಯಾವಾಗಲೂ ಇಳಿಜಾರಿಗೇ ಸಾಗುವಂತೆ ಮನೆ ನಡುವೆ ನಿಂತಿದೆ. ಅಡಿಕೆ ಗೊನೆ ಮಾತ್ರ ಹೊತ್ತು ಹತ್ತಬೇಕು.

ನೀರಿನ ಲೆಕ್ಕವೂ ಇದೆ. ಇಲ್ಲಿಯ ಗುಡ್ಡಗಳ ಜಂಬಿಟ್ಟಿಗೆ ಕಲ್ಲು ತೂತುತೂತು. ಮಳೆನೀರು ಅದರೊಳಗೆ ಇಂಗಿ, ಕೆಳಗಿನ ಜೇಡಿ ಪದರಕ್ಕೆ ತಾಗಿ, ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಕಾಲುವೆಯಂತೆ ಜೋಡಿಸಿದರೆ ಪಂಪಿಲ್ಲದೆ ಬಚ್ಚಲವರೆಗೂ ಈ ಒರತೆಯ ನೀರು, ಅಂದರೆ ಅಬ್ಬಿ ನೀರು, ಬರುತ್ತದೆ. ನೆತ್ತಿಯಲ್ಲಿ ಬಾವಿ ತೋಡಿದವರದು ಏಪ್ರಿಲ್‌ಗೇ ಬತ್ತುವುದುಂಟು.

ಅದೇ ಜೇಡಿ ಪದರ ಅಪಾಯವೂ ಹೌದು. ರಸ್ತೆಗೋ ಅಂಗಳಕ್ಕೋ ಧರೆಯನ್ನು, ಅಂದರೆ ಗುಡ್ಡದ ಮಗ್ಗುಲನ್ನು, ನೆಟ್ಟಗೆ ಕಡಿದು, ನೀರು ಬಸಿಯಲು ದಾರಿ ಬಿಡದಿದ್ದರೆ ನೆನೆದ ಮಣ್ಣು ಆ ಪದರದ ಮೇಲೆ ಜಾರುತ್ತದೆ. ಭಾರಿ ಮಳೆ ಸುರಿದರೆ ಕಡಿಯದ ಗುಡ್ಡವೂ ಜಾರೀತು: 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದವು.