ಸಂಸ್ಕೃತ ಕಲಿಯದವರು 'ಧ್ವನ್ಯಾಲೋಕ'ವನ್ನು ಓದಬೇಕೇ?

ಕವಿತೆಯನ್ನು ಪ್ರೀತಿಯಿಂದ ಓದುವ, ಆದರೆ ಸಂಸ್ಕೃತವನ್ನು ಕ್ರಮವಾಗಿ ಕಲಿಯದ ನೀವು, ಕಾವ್ಯದ ಸ್ವರೂಪವನ್ನು ಕುರಿತು ಆನಂದವರ್ಧನ ಬರೆದ ಸಂಸ್ಕೃತ ಗ್ರಂಥ 'ಧ್ವನ್ಯಾಲೋಕ'ದ ಕನ್ನಡ ಅನುವಾದವನ್ನು ಹಿಡಿದು, ಮೊದಲನೆಯ ಉದ್ಯೋತದಲ್ಲಿಯೇ, ಎಂದರೆ ಮೊದಲ ಅಧ್ಯಾಯದಲ್ಲಿಯೇ, ನಿಂತಿದ್ದೀರಿ. ಮುಂದುವರಿಸಿದರೆ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಮೊದಲ ಸಲ ನಾನು ನಿಂತದ್ದೂ ಅಲ್ಲಿಯೇ.

ಆನಂದವರ್ಧನ ಮೊದಲ ಕಾರಿಕೆಯಲ್ಲಿಯೇ (ಸೂತ್ರರೂಪದ ಪದ್ಯದಲ್ಲಿಯೇ) ಮೂರು ಪಕ್ಷದವರನ್ನು ಎದುರಿಗೆ ತಂದು ನಿಲ್ಲಿಸುತ್ತಾನೆ: ಧ್ವನಿ, ಎಂದರೆ ನೇರವಾಗಿ ಹೇಳದೆ ಸೂಚಿತವಾಗುವ ಅರ್ಥ, ಎಂಬುದೇ ಇಲ್ಲ ಎನ್ನುವವರು, ಅದು ಲಕ್ಷಣೆಯಲ್ಲಿಯೇ (ಪದದ ಗೌಣಾರ್ಥದಲ್ಲಿಯೇ) ಅಡಗಿದೆ ಎನ್ನುವವರು, ಇದ್ದರೂ ಮಾತಿಗೆ ನಿಲುಕದು ಎನ್ನುವವರು. 9ನೆಯ ಶತಮಾನದ ಕಾಶ್ಮೀರದ ಪಂಡಿತರಿಗೆ ಈ ವಾದಗಳು ಬಾಯಿಪಾಠವಾಗಿದ್ದವು. ನಮಗಾದರೋ ಪಕ್ಕದ ಮನೆಯ ಜಗಳವನ್ನು ಗೋಡೆಯಾಚೆಯಿಂದ ಕೇಳಿದಂತಾಗುತ್ತದೆ. ಆದ್ದರಿಂದ ಅಲ್ಲಿ ಎಡವಿದ ಮಾತ್ರಕ್ಕೆ ಗ್ರಂಥ ನಿಮಗಲ್ಲವೆಂದು ತೀರ್ಮಾನಿಸಬೇಡಿ.

ಅದೇ ಉದ್ಯೋತದಲ್ಲಿ ಒಂದು ಪ್ರಾಕೃತ ಗಾಹೆ (ಪದ್ಯ) ಬರುತ್ತದೆ. "ಸ್ವಾಮಿ, ಇನ್ನು ನಿಶ್ಚಿಂತೆಯಿಂದ ಓಡಾಡಿ, ಆ ನಾಯಿಯನ್ನು ಗೋದಾವರಿಯ ದಂಡೆಯ ಪೊದೆಯಲ್ಲಿರುವ ಸೊಕ್ಕಿದ ಸಿಂಹ ಇಂದು ಕೊಂದುಹಾಕಿತು" ಎಂದು ಹೆಣ್ಣೊಬ್ಬಳು ನಾಯಿಗೆ ಹೆದರುತ್ತಿದ್ದ ಧಾರ್ಮಿಕನೊಬ್ಬನಿಗೆ ಹೇಳುತ್ತಾಳೆ. ಅವಳು ನಲ್ಲನನ್ನು ಕೂಡುವ ಜಾಗ ಅದು. ಬಾಯಲ್ಲಿ "ಓಡಾಡಿ" ಎಂದಿದ್ದರೂ ಅವನಿಗೆ ಮುಟ್ಟುವುದು "ಇತ್ತ ಸುಳಿಯಬೇಡಿ" ಎಂದು. ಆಡದ ಮಾತು, ಅದೂ ಆಡಿದ ಮಾತಿಗೆ ನೇರ ವಿರುದ್ಧವಾದದ್ದು, ಯಾವ ದಾರಿಯಿಂದ ನಮಗೆ ತಲುಪಿತು? ಈ ಪ್ರಶ್ನೆ ನಿಮ್ಮನ್ನು ಒಂದೆರಡು ದಿನ ಕಾಡಿದರೆ ಗ್ರಂಥವನ್ನು ಓದಿ. ಇದರಲ್ಲೇನಿದೆ, ಇದು ಬರಿಯ ಅನುಮಾನ, ಎಂದರೆ ತರ್ಕದಿಂದ ಊಹಿಸಿದ್ದು, ಎನ್ನಿಸಿದರೂ ಓದಿ: ಮುಂದೆ ಧ್ವನಿವಾದವನ್ನು ಖಂಡಿಸಿದ ಮಹಿಮಭಟ್ಟ ಇದೇ ಗಾಹೆಯನ್ನಿಟ್ಟುಕೊಂಡು ಹಾಗೆಯೇ ವಾದಿಸಿದ. ಎರಡೂ ಆಗದೆ, ರಸ-ಧ್ವನಿಗಳ ಸ್ಥೂಲ ಪರಿಚಯವಷ್ಟೇ ಬೇಕಾಗಿದ್ದರೆ 1953ರಲ್ಲಿ ಬಂದ ತೀ.ನಂ.ಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' ಧಾರಾಳವಾಗಿ ಸಾಕು. ಮೂಲವನ್ನು ಓದಲಿಲ್ಲವೆಂದು ಸಂಕೋಚಪಡಬೇಕಾಗಿಲ್ಲ.

ಓದುವುದಾದರೆ ಈ ಗಾಹೆಯಿಂದ ನೇರವಾಗಿ ನಾಲ್ಕನೆಯ, ಎಂದರೆ ಕೊನೆಯ, ಉದ್ಯೋತಕ್ಕೆ ಹೋಗಿ. ಹಿಂದೆ ಕಂಡ ಅರ್ಥಗಳೇ ರಸದ ಸಂಪರ್ಕದಿಂದ ವಸಂತದ ಮರಗಳಂತೆ ಹೊಸದಾಗಿ ತೋರುತ್ತವೆ ಎಂಬ ಮಾತೂ, ಮಹಾಭಾರತದ ಪ್ರಧಾನ ರಸ ಶಾಂತವೆಂಬ ವಿವೇಚನೆಯೂ ಅಲ್ಲಿವೆ. ಅದಕ್ಕೆ ಶಾಸ್ತ್ರದ ಪೂರ್ವಸಿದ್ಧತೆ ಹೆಚ್ಚು ಬೇಡ. ಮೂರನೆಯದು ದೀರ್ಘವಾದದ್ದು, ನಿಧಾನವಾಗಿ ಓದಬೇಕಾದದ್ದು. ಈ ಗ್ರಂಥಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನ 'ಲೋಚನ'ವನ್ನು ಮಾತ್ರ ಮೊದಲ ಓದಿನಲ್ಲಿ ಜೊತೆಗಿಟ್ಟುಕೊಳ್ಳಬೇಡಿ. ನಾನು ಹಾಗೆ ಮಾಡಿ, ಯಾವ ಮಾತು ಮೂಲದ್ದು, ಯಾವುದು ವ್ಯಾಖ್ಯಾನದ್ದು ಎಂದು ತಿಳಿಯದೆ ಒಂದಿಡೀ ಬೇಸಿಗೆ ಕಳೆದೆ.