ಹಳೆಯ ಮಾರುತಿ ಓಮ್ನಿ: ಎಂಜಿನ್ ಬಿಸಿಯೇ ಆಗುವುದಿಲ್ಲ, ಮೈಲೇಜೂ ಇಲ್ಲ. ಯಾಕೆ?

ಅರ್ಧ ಗಂಟೆ ಓಡಿಸಿದರೂ ಟೆಂಪರೇಚರ್ ಮುಳ್ಳು ತಳದಲ್ಲೇ ಇದ್ದರೆ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ನೋಡಿ. ಅದು ತೆರೆದೇ ಸಿಕ್ಕಿಕೊಂಡಿರಬಹುದು. ಇಲ್ಲವೇ ಹಿಂದೊಮ್ಮೆ ಎಂಜಿನ್ ಕಾದಾಗ ಯಾರೋ ಮೆಕ್ಯಾನಿಕ್ ಕಿತ್ತೇ ಹಾಕಿರಬಹುದು. ನಮ್ಮ ಕಡೆ ಈ ಚಾಳಿ ಜಾಸ್ತಿ!

ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್‌ನಿಂದ ರೇಡಿಯೇಟರ್‌ಗೆ ಹೋಗುವ ಹೋಸ್ ಮುಟ್ಟಿ ನೋಡಿ. ಕೆಲವು ನಿಮಿಷ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾದರೆ ಹೊಸದು ಹಾಕಿಸಿ.

ಎಂಪಿಎಫ್‌ಐ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಬಿಡುವ) ಗಾಡಿಯಲ್ಲಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಮೈಲೇಜ್ ಹೋಗುವುದು ಇಲ್ಲೇ. ಮುಳ್ಳು ಸರಿಯಿದ್ದೂ ಮೈಲೇಜ್ ಬಾರದಿದ್ದರೆ ಇಸಿಯುಗೆ ಎಂಜಿನ್ ಬಿಸಿ ತಿಳಿಸುವ ಕೂಲಂಟ್ ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆಸಿ: 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ 300ರ ಆಸುಪಾಸು. ಕಾರ್ಬ್ಯುರೇಟರ್ ಓಮ್ನಿಯಾದರೆ ಎಂಜಿನ್ ಬಿಸಿಯಾದ ಮೇಲೆ ಚೋಕ್ (ತಣ್ಣಗಿರುವಾಗ ಗಾಳಿ ಕಡಿಮೆ ಮಾಡುವ ಮುಚ್ಚಳ) ಪೂರ್ತಿ ತೆರೆಯುತ್ತಿದೆಯಾ ನೋಡಿ.