ಏರುಪೇರಿನ ನೆಲಕ್ಕೆ ಎಂಥ ಮೋವರ್?

ಪ್ರಶ್ನೆ: ನಮ್ಮ ಜಾಗದ ತುಂಬಾ ಗುಂಡಿ, ದಿಬ್ಬ, ಬೇರು. ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ಕೊಳ್ಳಬೇಕು. ಜಾಸ್ತಿ ಎಚ್‌ಪಿ ಇದ್ದರೆ ಬಾಳಿಕೆ ಬರುತ್ತಾ?

ಉತ್ತರ: ಸುಮ್ನೆ ಎಚ್‌ಪಿ ನೋಡಿ ಮರುಳಾಗಬೇಡಿ. ಇಂಥ ನೆಲದಲ್ಲಿ ಮೊದಲು ಪೆಟ್ಟು ತಿನ್ನೋದು ಡೆಕ್, ಅಂದರೆ ಬ್ಲೇಡಿನ ಮೇಲಿನ ತಗಡಿನ ಕವಚ. ಕೊಳ್ಳುವ ಮೊದಲು ಬಗ್ಗಿ ನೋಡಿ, ಬೆರಳಿನಿಂದ ತಟ್ಟಿ. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ತಗಡು ದಪ್ಪ, ಹಾಗಾಗಿ 13 ಗೇಜ್‌ಗಿಂತ 10 ಗೇಜ್ ಗಟ್ಟಿ, ಅದೂ ಬೆಸುಗೆ ಹಾಕಿ ಕಟ್ಟಿದ್ದಾದರೆ ಇನ್ನೂ ಒಳ್ಳೇದು.

ಮುಂದಿನ ಆಕ್ಸಲ್ ಎರಕದ ಕಬ್ಬಿಣದ್ದಿರಲಿ. ಅದು ನಡುವಿನ ಪಿನ್ನಿನ ಮೇಲೆ ಓಲಾಡಬೇಕು, ಆಗ ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದವು ನೆಲ ಬಿಡೋದಿಲ್ಲ. ಅಗಲದ ಡೆಕ್ ಆಸೆ ಬೇಡ. 54 ಇಂಚಿನದು ಕೆಲಸ ಬೇಗ ಮುಗಿಸುತ್ತೆ ನಿಜ, ಆದರೆ ದಿಬ್ಬದ ನೆತ್ತಿಯನ್ನು ಮಣ್ಣು ಕಾಣುವ ಹಾಗೆ ಬೋಳಿಸಿಬಿಡುತ್ತೆ. ನಾನಾದರೆ 42 ಇಂಚಿನದನ್ನೇ ತಗೊಂಡು, ಹುಲ್ಲನ್ನು 3 ಇಂಚಿಗಿಂತ ಗಿಡ್ಡ ಮಾಡದೆ ನಿಧಾನ ಓಡಿಸ್ತೀನಿ. ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ, ಗೇರ್ ಬದಲಿಸುವ ರಗಳೆ ಇಲ್ಲದ ಹೈಡ್ರೋಸ್ಟಾಟಿಕ್ ವ್ಯವಸ್ಥೆ ಇದ್ದರೆ ಹಾಗೆ ನಿಧಾನ ಓಡಿಸೋದೂ ಸುಲಭ.

ಇಳಿಜಾರು ಇದೆಯಾ? ದಯವಿಟ್ಟು ಹುಷಾರು. ಸಾಮಾನ್ಯವಾಗಿ 15 ಡಿಗ್ರಿಗಿಂತ ಕಡಿದಾದ ಕಡೆ ಇವನ್ನು ಓಡಿಸಲೇಬಾರದು. ಲಾನ್ ಟ್ರ್ಯಾಕ್ಟರ್ (ಸ್ಟೀರಿಂಗ್ ಹಿಡಿದು ಓಡಿಸುವ, ಪುಟ್ಟ ಟ್ರ್ಯಾಕ್ಟರ್‌ನಂಥ ಮೋವರ್) ಆದರೆ ನೇರ ಮೇಲೆ ಕೆಳಗೆ ಓಡಿಸಿ, ಅಡ್ಡಡ್ಡ ಹೋದರೆ ಮಗುಚುತ್ತೆ. ಬ್ಲೇಡ್, ಬೆಲ್ಟ್ ಬೇಕೆಂದಾಗ ಸಿಗುತ್ತವಾ ಅಂತಲೂ ಕೇಳಿಕೊಂಡೇ ದುಡ್ಡು ಕೊಡಿ.